ಸೂರ್ಯ ಹುಟ್ಟುವ ಹೊತ್ತಿಗೆ ಮುಳ್ಳಯ್ಯನಗಿರಿಗೆ ಬಸ್ಸು ಬಿಡಿ, ಕಾರು ಬೇಡ

ಸಂಪಾದಕರಿಗೆ ನಮಸ್ಕಾರ.

ನಾನು ಚಿಕ್ಕಮಗಳೂರು ತಾಲ್ಲೂಕಿನ ಕೈಮರದ ಹತ್ತಿರ, ಮುಳ್ಳಯ್ಯನಗಿರಿ ಬೆಟ್ಟದ ಬುಡದಲ್ಲಿ ಇರುವವಳು. ನಮ್ಮದು ಸಣ್ಣ ಕಾಫಿ ತೋಟ. ಮುಳ್ಳಯ್ಯನಗಿರಿಗೆ ಹೋಗುವವರಲ್ಲಿ ಹೆಚ್ಚಿನವರು ನಮ್ಮ ಕಡೆಯ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಅವರು ಖುಷಿಯಾಗಿ ಹೋಗುವುದನ್ನೂ ನೋಡುತ್ತೇನೆ, ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬರುವುದನ್ನೂ ನೋಡುತ್ತೇನೆ.

ನನ್ನ ಕೇಳಿಕೆ ಒಂದೇ. ಸೂರ್ಯ ಹುಟ್ಟುವುದನ್ನು ನೋಡಲು ಬರುವ ಜನರನ್ನು ಮಿನಿ ಬಸ್ಸಿನಲ್ಲಿ, ಜೀಪಿನಲ್ಲಿ ಮೇಲೆ ಕರೆದುಕೊಂಡು ಹೋಗಿ. ಬೆಳಿಗ್ಗೆ 8 ಗಂಟೆಯ ತನಕ ಖಾಸಗಿ ಕಾರು, ಬೈಕು ಯಾವುದನ್ನೂ ಮೇಲೆ ಬಿಡಬೇಡಿ. ಜನ ಬರಬಾರದು ಅಂತ ನಾನು ಹೇಳುತ್ತಿಲ್ಲ. ಬರಲಿ, ಜಾಸ್ತಿ ಜನವೇ ಬರಲಿ. ಕಾರು ಮಾತ್ರ ಕೆಳಗೇ ಇರಲಿ.

2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಇರುವ ಗಿರಿ ಪ್ರದೇಶಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರ ತನಕ ಒಂದು ಸರದಿ, 1ರಿಂದ ಸಂಜೆ 6ರ ತನಕ ಇನ್ನೊಂದು. ಒಂದು ಸರದಿಗೆ 600 ವಾಹನ, ದಿನಕ್ಕೆ 1,200. ಇದು ಒಳ್ಳೆಯ ಕೆಲಸ, ಅದನ್ನು ಮನಸ್ಸಿನಿಂದಲೇ ಹೇಳುತ್ತೇನೆ. ಅದಕ್ಕೆ ಮುಂಚೆ ರಜಾ ದಿನಗಳಲ್ಲಿ ಇಲ್ಲಿ ಆಗುತ್ತಿದ್ದ ಟ್ರಾಫಿಕ್ ನೋಡಿದವರಿಗೆ ಗೊತ್ತು, ಕೆಳಗಿನಿಂದ ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿ ತನಕ ಒಂದರ ಹಿಂದೆ ಒಂದು ಗಾಡಿ ನಿಂತು, ಹಿಂದೆ ಬರುವುದಕ್ಕೂ ಆಗದೆ ಮುಂದೆ ಹೋಗುವುದಕ್ಕೂ ಆಗದೆ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದವರು ಗಂಟೆಗಟ್ಟಲೆ ರಸ್ತೆಯಲ್ಲೇ ಕೂರಬೇಕಾಗುತ್ತಿತ್ತು. ಈಗ ಒಟ್ಟು ಲೆಕ್ಕಕ್ಕೆ ಒಂದು ಮಿತಿ ಬಂತು. ಆದರೆ ಈ ಲೆಕ್ಕ ಇಡೀ ದಿನದ್ದು. ಸೂರ್ಯ ಹುಟ್ಟುವ ಆ ಒಂದು ಗಂಟೆಯ ಸಮಸ್ಯೆ ಇದರಿಂದ ಬಗೆಹರಿಯಲಿಲ್ಲ.

ಸ್ವಲ್ಪ ಗಡಿಯಾರ ಇಟ್ಟುಕೊಂಡು ನೋಡೋಣ. ನಮ್ಮಲ್ಲಿ ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.15ಕ್ಕೆ. ನವೆಂಬರ್ ಮಧ್ಯಕ್ಕೆ 6.25 ಆಗುತ್ತದೆ. ಡಿಸೆಂಬರ್ ಕೊನೆಗೆ 6.45ರ ಆಚೆ ಈಚೆ, ಜನವರಿ ಕೊನೆಗೆ 6.50 ದಾಟುತ್ತದೆ. ಮೇ ಕೊನೆಗೆ ಬಂದರೆ 6 ಗಂಟೆಗೇ ಸೂರ್ಯ ಮೇಲೆ. ಅದೂ ಊರಿನ ಲೆಕ್ಕ. ಬೆಟ್ಟದ ತುದಿಯಲ್ಲಿ ನಿಂತವರಿಗೆ ದೂರದ ಬಯಲು ಸೀಮೆಯ ಅಂಚು ಕೆಳಗೆ ಕಾಣುವುದರಿಂದ ಕೆಲವು ನಿಮಿಷ ಮುಂಚೆಯೇ ಸೂರ್ಯ ಕಾಣಿಸುತ್ತಾನೆ. ಇನ್ನು ಗೇಟು ತೆಗೆಯುವುದು 6ಕ್ಕೆ ಅಂತಾದರೆ, ಕತ್ತಲಲ್ಲಿ, ಮಂಜಿನಲ್ಲಿ, ಆ ತಿರುವುಗಳಲ್ಲಿ ಅರ್ಧ ಗಂಟೆ ಬೇಕೇ ಬೇಕು. ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ಸುಮಾರು 500 ಮೆಟ್ಟಿಲು. ಅಭ್ಯಾಸ ಇಲ್ಲದವರಿಗೆ ಇಪ್ಪತ್ತು ನಿಮಿಷ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಅಂದರೆ ಯಾವ ತಿಂಗಳಲ್ಲಿ ಬಂದರೂ 6 ಗಂಟೆಗೆ ಗೇಟು ದಾಟಿದವರು ನೆಟ್ಟಗೆ ಹೋದರೆ ಸೂರ್ಯೋದಯ ಸಿಗುವುದು ಕಷ್ಟ. ನೆಟ್ಟಗೆ ಹೋಗದೆ ನುಗ್ಗಿದರೆ ಚಳಿಗಾಲದ ಎರಡು ತಿಂಗಳು ಸಿಗಬಹುದು, ಅಷ್ಟೇ.

ಅದಕ್ಕೇ ನುಗ್ಗುತ್ತಾರೆ. ಶನಿವಾರ, ಭಾನುವಾರ ಬೆಳಿಗ್ಗೆ ಐದೂವರೆಗೆಲ್ಲ ಚೆಕ್‌ಪೋಸ್ಟಿನ ಮುಂದೆ ಗಾಡಿಗಳ ಸಾಲು. ಬೆಂಗಳೂರಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಿಸಿಕೊಂಡು ಬಂದವರು ಅದರಲ್ಲಿ ಎಷ್ಟೋ ಜನ. ಚಳಿ ಅಂತ ಇಂಜಿನ್ ಆಫ್ ಮಾಡಲ್ಲ. ಹೀಟರ್ ಬೇಕಲ್ಲ. ಆ ಹೊಗೆ ಮಂಜಿನ ಜೊತೆ ಸೇರಿ ಕೆಳಗೇ ಸುತ್ತುತ್ತಿರುತ್ತದೆ, ರಸ್ತೆ ಪಕ್ಕದ ಮನೆಗಳ ಕಿಟಕಿ ತೆಗೆಯೋ ಹಾಗಿಲ್ಲ. ಗೇಟು ತೆಗೆದ ಕೂಡಲೇ ಶುರುವಾಗುತ್ತದೆ ನೋಡಿ ಓಟ. ಎದುರಿಗೆ ಹತ್ತು ಅಡಿ ಕಾಣಲ್ಲ, ಮಂಜಿಗೆ ಹೈಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ ಅನ್ನುವುದು ಘಾಟಿ ರಸ್ತೆ ಓಡಿಸಿ ಗೊತ್ತಿರುವವರಿಗೆ ಮಾತ್ರ ಗೊತ್ತು, ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ, ನಡುವೆ ಹಾರನ್ ಮೇಲೆ ಹಾರನ್, ಸೈಡ್ ಕೊಡಿ ಅಂತ ಹಿಂದಿನವರು, ಎಲ್ಲಿ ಕೊಡುವುದು ಅಂತ ಮುಂದಿನವರು. ಒಂದು ಕಾರು ಕೆಟ್ಟು ನಿಂತರೆ ಮುಗಿಯಿತು. ಹಿಂದಿನವರೆಲ್ಲ ತಿರುವಿನಲ್ಲೇ ನಿಂತು, ಕಾರಿನ ಗಾಜಿನಿಂದಲೇ ಆಕಾಶ ಕೆಂಪಾಗುವುದನ್ನು ನೋಡಿ ಬರಬೇಕು.

ಹೋದ ಸೀಸನ್ನಿನಲ್ಲಿ ಒಂದು ದಿನ ನಾನು ಮೇಲಿಂದ ಮೆಟ್ಟಿಲು ಇಳಿದು ಬರುತ್ತಿದ್ದೆ. ಆಗಲೇ ಬಿಸಿಲು ಬಂದಿತ್ತು. ಒಬ್ಬ ಹೆಂಗಸು ಮೂರು ನಾಲ್ಕು ವರ್ಷದ ಮಗುವಿನ ಕೈ ಹಿಡಿದು ಎಳೆದುಕೊಂಡೇ ಹತ್ತುತ್ತಿದ್ದರು. ಮಗುವಿನ ಕಿವಿಗೆ ಕಟ್ಟಿದ್ದ ಟೊಪ್ಪಿ ಬಿಚ್ಚಿ ಕುತ್ತಿಗೆಗೆ ಜೋತು ಬಿದ್ದಿತ್ತು, ಒಂದು ಕಾಲಿನ ಶೂ ಇರಲಿಲ್ಲ. ಅದು ಅಳುತ್ತಿತ್ತು. ಗಂಡ ಅಷ್ಟು ದೂರ ಮುಂದೆ ಓಡಿ ಹೋಗಿ ಮೊಬೈಲ್ ಎತ್ತಿ ಹಿಡಿದಿದ್ದರು. ಆ ಅಮ್ಮ ನನ್ನನ್ನು ನಿಲ್ಲಿಸಿ, "ಅಕ್ಕಾ, ಮುಗೀತಾ?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಿಧಾನಕ್ಕೆ ಹೋಗಿ, ಮೋಡ ಇನ್ನೂ ಕೆಳಗೇ ಇದೆ, ಅದನ್ನಾದರೂ ಮಗುವಿಗೆ ತೋರಿಸಿ ಅಂದೆ. ಅವರದ್ದೇನೂ ತಪ್ಪಿಲ್ಲ. ಬುಕಿಂಗ್ ಮಾಡಿಸಿದ್ದಾರೆ, ದುಡ್ಡು ಕಟ್ಟಿದ್ದಾರೆ, ಹೇಳಿದ ಹೊತ್ತಿಗೆ ಬಂದಿದ್ದಾರೆ. ಯಾವುದಕ್ಕೆ ಬಂದರೋ ಅದೇ ಸಿಗಲಿಲ್ಲ.

ಅವರಿಗೆ ತಪ್ಪಿದ್ದು ಏನು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಸುಮಾರು ಜನ ಸೂರ್ಯೋದಯ ಅಂದರೆ ಕೆಂಪು ಉಂಡೆ ಮೇಲೆ ಬರುವ ಆ ಎರಡು ನಿಮಿಷ ಅಂದುಕೊಂಡಿದ್ದಾರೆ. ಮುಳ್ಳಯ್ಯನಗಿರಿಯಲ್ಲಿ ಅದು ಕೊನೆಯ ಭಾಗ. ನಿಜವಾದದ್ದು ಅದಕ್ಕೆ ಮುಂಚಿನ ಅರ್ಧ ಗಂಟೆ. ಇದು ರಾಜ್ಯದಲ್ಲೇ ಎತ್ತರದ ಬೆಟ್ಟ, 1,930 ಮೀಟರ್. ಪೂರ್ವಕ್ಕೆ ಅಡ್ಡ ಏನೂ ಇಲ್ಲ, ಕಡೂರಿನ ಕಡೆ ನೆಲ ಚಪ್ಪಟೆಯಾಗಿ ಹೋಗಿಬಿಡುತ್ತದೆ. ಮೊದಲು ಆ ಅಂಚಿನಲ್ಲಿ ಬೂದು ಬಣ್ಣ. ಆಮೇಲೆ ಒಂದು ತೆಳ್ಳಗಿನ ಕಿತ್ತಳೆ ಗೆರೆ. ಕೆಳಗೆ ಚಿಕ್ಕಮಗಳೂರಿನ ಬೀದಿ ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಬೆಳಕು ಸ್ವಲ್ಪ ಏರಿದಾಗ ಕೆರೆಗಳು ಒಂದೊಂದಾಗಿ ಹೊಳೆಯುವುದಕ್ಕೆ ಶುರು. ಹತ್ತಿರದಲ್ಲೇ ಹಿರೇಕೊಳಲೆ, ದೂರದಲ್ಲಿ ಸಖರಾಯಪಟ್ಟಣದ ಕಡೆ ಅಯ್ಯನಕೆರೆ. ಮಂಜು ಇಲ್ಲದ ದಿನ ಇದು ಕಾಣುತ್ತದೆ. ಮಂಜು ಇದ್ದ ದಿನ ಕೆರೆಯೂ ಇಲ್ಲ, ಊರೂ ಇಲ್ಲ, ಬರೀ ಬಿಳಿ.

ಆ ಬಿಳಿ ಹೇಗೆ ಬರುತ್ತದೆ ಅನ್ನುವುದು ತೋಟದವರಿಗೆಲ್ಲ ಗೊತ್ತಿರುವ ವಿಷಯವೇ. ಮಳೆ ನಿಂತ ಮೇಲೆ, ಮೋಡ ಇಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ, ಇಳಿಜಾರಿನಲ್ಲಿ ಜಾರಿಕೊಂಡು ಬಂದು ಕಣಿವೆಯಲ್ಲಿ ಸೇರುತ್ತದೆ. ಅದರಲ್ಲಿನ ತೇವವೇ ಮಂಜಾಗುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿರುವುದರಿಂದ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಮಂಜು ಕೆಳಗೇ ನಿಂತುಬಿಡುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಅದು ನಿಧಾನಕ್ಕೆ ಕದಲಿ, ಇಳಿಜಾರು ಹಿಡಿದು ಮೇಲೆ ಹತ್ತಿ ಬಂದು, ಕೆಲವು ದಿನ ಎಂಟು ಗಂಟೆಯ ಹೊತ್ತಿಗೆ ಬೆಟ್ಟದ ತುದಿಯನ್ನೂ ಮುಚ್ಚುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಇದರ ಕಾಲ. ಜೂನ್, ಜುಲೈಯಲ್ಲಿ ಸೂರ್ಯೋದಯ ನೋಡುತ್ತೇವೆ ಅಂತ ಬರುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಆಗ ಇಡೀ ಬೆಟ್ಟವೇ ಮೋಡದ ಒಳಗೆ ಇರುತ್ತದೆ, ಪಕ್ಕದಲ್ಲಿ ನಿಂತವರ ಮುಖ ಕಾಣಲ್ಲ. ಅದೂ ಚೆಂದವೇ, ಆದರೆ ಸೂರ್ಯ ಸಿಗಲ್ಲ. ಬುಕಿಂಗ್ ಮಾಡುವ ಜಾಗದಲ್ಲಿ ಇದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಹಾಕಿದರೆ ದೂರದಿಂದ ಬರುವವರಿಗೆ ಎಷ್ಟು ಅನುಕೂಲ ಅಲ್ವಾ.

ಇನ್ನೊಂದು ಮಾತು. ಎಲ್ಲರೂ ಪೂರ್ವಕ್ಕೇ ಮುಖ ಮಾಡಿ ನಿಂತಿರುತ್ತಾರೆ. ಸೂರ್ಯ ಬಂದ ಕೂಡಲೇ ಒಂದು ಸಲ ಹಿಂದೆ ತಿರುಗಿ ನೋಡಿ. ಪಶ್ಚಿಮಕ್ಕೆ, ಕುದುರೆಮುಖದ ಸಾಲಿನ ಕಡೆ, ಮಂಜಿನ ಮೇಲೆ ಮುಳ್ಳಯ್ಯನಗಿರಿಯ ನೆರಳು ಬಿದ್ದಿರುತ್ತದೆ. ಮೂರು ಮೂಲೆಯ ದೊಡ್ಡ ನೆರಳು. ಬೆಟ್ಟದ ತುದಿ ಹೇಗೇ ಇರಲಿ, ಅಷ್ಟು ದೂರ ಹೋದ ನೆರಳು ಚೂಪಾಗಿಯೇ ಕಾಣುವುದು. ಸೂರ್ಯ ಏರಿದ ಹಾಗೆ ಅದು ಕುಗ್ಗುತ್ತಾ ನಮ್ಮ ಕಡೆಗೇ ಬರುತ್ತದೆ. ಮಂಜು ತೀರಾ ಹತ್ತಿರ ಇದ್ದರೆ ಇನ್ನೂ ಒಂದು ಕಾಣುತ್ತದೆ, ನಮ್ಮದೇ ನೆರಳು, ಅದರ ತಲೆಯ ಸುತ್ತ ಬಣ್ಣದ ಉಂಗುರ. ಪಕ್ಕದವರ ನೆರಳಿನ ಸುತ್ತ ಆ ಉಂಗುರ ನಮಗೆ ಕಾಣಲ್ಲ, ನಮ್ಮ ನೆರಳಿನ ಸುತ್ತ ಮಾತ್ರ. ಅವರಿಗೆ ಅವರದ್ದು. ನನ್ನ ಮಗಳಿಗೆ ಇದನ್ನು ತೋರಿಸಿದಾಗ ಅವಳು ಎಷ್ಟೋ ಹೊತ್ತು ಕೈ ಬೀಸುತ್ತಾ ನಿಂತಿದ್ದಳು.

ಇದನ್ನೆಲ್ಲ ನೋಡಬೇಕಾದರೆ ಬೆಳಕು ಹರಿಯುವ ಮುಂಚೆ ಮೇಲೆ ಇರಬೇಕು, ಸಮಾಧಾನವಾಗಿ ಕೂತಿರಬೇಕು, ಸುತ್ತಮುತ್ತ ಸ್ವಲ್ಪ ಸದ್ದು ಕಡಿಮೆ ಇರಬೇಕು. ಈಗ ಮೂರೂ ಇಲ್ಲ.

ಹಾಗಾದರೆ ಬಸ್ಸಿನಲ್ಲಿ ಹೇಗೆ ಅಂತ ಕೇಳುತ್ತೀರಿ. ದೊಡ್ಡ ಬಸ್ಸು ಆ ತಿರುವುಗಳಲ್ಲಿ ತಿರುಗಲ್ಲ, ಅದು ಗೊತ್ತು. ಮಿನಿ ಬಸ್ಸು ಬೇಕು. ನೂರು ಜನ ಕಾರಿನಲ್ಲಿ ಹೋದರೆ, ಕಾರಿಗೆ ನಾಲ್ಕು ಜನ ಅಂತ ಲೆಕ್ಕ ಹಾಕಿದರೂ 25 ಕಾರು. ಅದೇ ನೂರು ಜನಕ್ಕೆ 25 ಸೀಟಿನ ಮಿನಿ ಬಸ್ಸು ನಾಲ್ಕು ಸಾಕು. ಆ ನಾಲ್ಕು ಬಸ್ಸಿಗೆ ರಸ್ತೆ ಗೊತ್ತಿರುವ ನಾಲ್ಕು ಜನ ಡ್ರೈವರ್. 25 ಕಾರಿಗೆ ರಸ್ತೆ ಗೊತ್ತಿಲ್ಲದ, ರಾತ್ರಿ ನಿದ್ದೆ ಇಲ್ಲದ 25 ಜನ. ಇದಕ್ಕಿಂತ ಬೇರೆ ವಾದ ಬೇಕಾ? ಊರಿನ ಬಸ್ ಸ್ಟ್ಯಾಂಡಿನಿಂದ ನಾಲ್ಕೂಮುಕ್ಕಾಲಿಗೆ ಹೊರಡಲಿ. ಕೈಮರದ ಹತ್ತಿರ ಕಾರು ನಿಲ್ಲಿಸಲು ಒಂದು ಜಾಗ ಮಾಡಿ, ಅಲ್ಲಿಂದಲೂ ಜನರನ್ನು ಹತ್ತಿಸಿಕೊಳ್ಳಲಿ. ಐದೂವರೆ, ಐದೂಮುಕ್ಕಾಲಿಗೆ ಎಲ್ಲರೂ ಮೇಲಿರುತ್ತಾರೆ. ಏಳೂವರೆಯಿಂದ ವಾಪಸ್ ಕರೆತರಲಿ. 8 ಗಂಟೆಗೆ ಈಗಿನ ಬುಕಿಂಗ್ ಪ್ರಕಾರ ಕಾರುಗಳಿಗೆ ಗೇಟು ತೆಗೆಯಲಿ.

ಇದು ಹೊಸದೇನೂ ಅಲ್ಲ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹೋಗಬೇಕು. ಜನ ಹೋಗುತ್ತಿಲ್ಲವಾ? ದೇವರ ದರ್ಶನಕ್ಕೆ ಹೋಗುವ ವಯಸ್ಸಾದವರೂ ಬಸ್ಸಿನಲ್ಲೇ ಹೋಗಿ ಬರುತ್ತಾರೆ. ನಮ್ಮ ಜಿಲ್ಲೆಯಲ್ಲೇ ಹೊರನಾಡಿನ ಹತ್ತಿರ ಕ್ಯಾತನಮಕ್ಕಿಗೆ ಜೀಪಿನಲ್ಲಿ ಹೋಗುವುದು ರೂಢಿ, ಅದೇ ಒಂದು ಮಜಾ ಅಂತ ಜನ ಹೋಗುತ್ತಾರೆ. ಕುದುರೆಮುಖ ಚಾರಣಕ್ಕೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದಾಗಲೂ ಮೊದಮೊದಲು ಗೊಣಗಾಟ ಇತ್ತು.

ಬಸ್ಸು ಬೇಕು ಅನ್ನುವುದಕ್ಕೆ ನನಗೆ ಇನ್ನೊಂದು ಕಾರಣ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ನಮ್ಮ ಸುತ್ತಮುತ್ತ ತೋಟಗಳಲ್ಲಿ ಕೂಲಿಯವರಿಗೆ ಕಟ್ಟಿದ ಲೈನ್ ಮನೆಗಳಲ್ಲಿ ಇರುವ ಮಕ್ಕಳು ಮುಳ್ಳಯ್ಯನಗಿರಿಯನ್ನು ದಿನಾ ಕೆಳಗಿಂದ ನೋಡುತ್ತಾರೆ. ಮೇಲಿನಿಂದ ಸೂರ್ಯ ಹುಟ್ಟುವುದನ್ನು ನೋಡಿದವರು ಅವರಲ್ಲಿ ತೀರಾ ಕಡಿಮೆ. ಅವರ ಮನೆಯಲ್ಲಿ ಕಾರಿಲ್ಲ, ಟ್ಯಾಕ್ಸಿಗೆ ಕೊಡುವಷ್ಟು ದುಡ್ಡು ಇಲ್ಲ, ಆ ಹೊತ್ತಿನಲ್ಲಿ ಮೇಲೆ ಹೋಗುವ ಬಸ್ಸೂ ಇಲ್ಲ. ನಮ್ಮ ತೋಟಕ್ಕೆ ಹಣ್ಣು ಕುಯ್ಯಲು ಬರುವ ಒಬ್ಬಾಕೆಯ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಭೂಗೋಳ ಅಂದರೆ ಇಷ್ಟ. ಮುಳ್ಳಯ್ಯನಗಿರಿ ಇರುವ ಈ ಬೆಟ್ಟದ ಸಾಲು, ಚಂದ್ರದ್ರೋಣ ಪರ್ವತ, ಕುದುರೆ ಲಾಳದ ಆಕಾರದಲ್ಲಿದೆ ಅಂತ ಪುಸ್ತಕದಲ್ಲಿ ಓದಿದ್ದಾಳೆ, ಚಿತ್ರ ಬರೆದು ತೋರಿಸುತ್ತಾಳೆ. ಮೇಲೆ ನಿಂತರೆ ಆ ಬಾಗು ಕಣ್ಣಿಗೇ ಕಾಣುತ್ತದೆ, ಬಾಬಾಬುಡನ್‌ಗಿರಿಯ ಕಡೆ ಸಾಲು ಸುತ್ತಿಕೊಂಡು ಹೋಗುವುದು, ಒಳಗೆ ಜಾಗರ ಕಣಿವೆ. ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಇದ್ದೂ ಅವಳು ಅದನ್ನು ಬೆಳಗಿನ ಬೆಳಕಿನಲ್ಲಿ ನೋಡಿಲ್ಲ. ಮುನ್ನೂರು ಕಿಲೋಮೀಟರ್ ದೂರದಿಂದ ಬಂದವರು ರಾತ್ರೋರಾತ್ರಿ ಬಂದು ನೋಡಿ ಹೋಗಬಹುದು. ಅವರು ನೋಡಬಾರದು ಅಂತಲ್ಲ. ಇವಳೂ ನೋಡಬೇಕು. ಸಾಮಾನ್ಯ ಬಸ್ ಟಿಕೆಟ್ ದರದಲ್ಲಿ ಒಂದು ಬೆಳಗಿನ ಬಸ್ಸು ಇದ್ದರೆ, ವಿದ್ಯಾರ್ಥಿ ಪಾಸ್ ಇದ್ದವರಿಗೆ ಅದರಲ್ಲೇ ರಿಯಾಯಿತಿ ಕೊಟ್ಟರೆ, ಊರಿನ ಹಾಸ್ಟೆಲ್ ಮಕ್ಕಳೂ ಹೋಗಿ ಬರಬಹುದು. ಶಾಲೆಯವರು ಪ್ರವಾಸ ಅಂತ ಮೈಸೂರಿಗೆ, ಹಂಪಿಗೆ ಕರೆದುಕೊಂಡು ಹೋಗುತ್ತಾರೆ, ತುಂಬಾ ಸಂತೋಷ. ತಲೆ ಮೇಲೆ ಇರುವ ಬೆಟ್ಟವನ್ನೂ ಒಂದು ಸಲ ತೋರಿಸಲಿ.

ಈಗ ನೆಲದ ವಿಷಯ. ಮೇಲೆ ಹೋದವರು ಒಂದು ಸಲ ಮೆಟ್ಟಿಲಿನ ಪಕ್ಕದ ಹುಲ್ಲನ್ನು ನೋಡಿ. ಫೋಟೋಗೆ ಅಂತ ಜನ ಇಳಿದು ಇಳಿದು ಅಲ್ಲಿ ಹುಲ್ಲು ಸತ್ತು ದಾರಿಯಾಗಿದೆ. ಮೊದಲ ವರ್ಷ ಒಂದು ಕಾಲುದಾರಿ. ಮಳೆಗಾಲದಲ್ಲಿ ಅದರಲ್ಲೇ ನೀರು ಹರಿದು ಚರಂಡಿಯಾಗುತ್ತದೆ. ಮುಂದಿನ ವರ್ಷ ಆ ಚರಂಡಿಯಲ್ಲಿ ಕಾಲಿಡಲು ಆಗಲ್ಲ ಅಂತ ಜನ ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತಾರೆ. ನಾನು ಒಂದು ಕಡೆ ಕೂತು ನೋಡಿದೆ. ಕೊರೆದು ಹೋದ ಅಂಚಿನಲ್ಲಿ ಹುಲ್ಲಿನ ಬೇರು ಗಾಳಿಗೆ ನೇತಾಡುತ್ತಿತ್ತು, ಕೈಯಿಂದ ಮುಟ್ಟಿದರೆ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು, ಅದರ ಸಂದಿಯಲ್ಲಿ ಚಿಪ್ಸ್ ಪ್ಯಾಕೆಟ್ಟು ಅರ್ಧ ಹೂತು ಹೋಗಿತ್ತು. ಹುಲ್ಲಿನ ಪಾಡಿಗೆ ಹುಲ್ಲು ಇದ್ದರೆ ಅಲ್ಲಿ ಮಳೆ ನೀರು ನೆಲಕ್ಕೆ ಇಳಿಯುತ್ತದೆ, ಕೆಳಗೆ ಬೆಟ್ಟದ ಮಡಿಕೆಗಳಲ್ಲಿ ದಟ್ಟವಾಗಿ ಬೆಳೆದಿರುವ ಕುಳ್ಳ ಮರಗಳ ಶೋಲಾ ಕಾಡಿಗೆ ಹೋಗುತ್ತದೆ, ಅಲ್ಲಿಂದ ವರ್ಷ ಪೂರ್ತಿ ಒಸರುತ್ತಾ ಹಳ್ಳವಾಗುತ್ತದೆ. ಹುಲ್ಲು ಹೋದ ಕಡೆ ನೀರು ನಿಲ್ಲುವುದಿಲ್ಲ, ಮಣ್ಣು ಹೊತ್ತುಕೊಂಡು ಓಡುತ್ತದೆ. ಮಳೆಗಾಲದಲ್ಲಿ ಈ ರಸ್ತೆಯಲ್ಲಿ ಧರೆ ಕುಸಿಯುವುದನ್ನು ನಾವು ನೋಡುತ್ತಲೇ ಇದ್ದೇವೆ.

ಈ ನೀರು ಬರೀ ನಮ್ಮದಲ್ಲ. ಹಿರೇಕೊಳಲೆ ಕೆರೆ ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆ. ಇದೇ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರಿನ ಅಣೆಕಟ್ಟು ತುಂಬಿಸಿ, ಹೇಮಾವತಿಗೆ ಸೇರಿ ಕಾವೇರಿಗೆ ಹೋಗುತ್ತದೆ. ಇದೇ ಸಾಲಿನ ವೇದಾ, ಅವತಿ ಹಳ್ಳಗಳು ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದ ತನಕ ಹೋಗುತ್ತವೆ. ಲಾಳದ ಒಳಗಿನ ಜಾಗರದ ನೀರು ಭದ್ರೆಗೆ. ಒಂದೇ ಬೆಟ್ಟದ ಸಾಲು, ಒಂದು ಕಡೆ ಬಿದ್ದ ಮಳೆ ಕಾವೇರಿ ಸೀಮೆಗೆ, ಇನ್ನೊಂದು ಕಡೆ ಬಿದ್ದದ್ದು ಕೃಷ್ಣಾ ಸೀಮೆಗೆ. ಹಿರಿಯೂರಿನ ರೈತನಿಗೂ ಬೇಲೂರಿನ ರೈತನಿಗೂ ಈ ಹುಲ್ಲಿನ ಮೇಲೆ ಹಕ್ಕಿದೆ ಅಂತ ನಾನು ನಂಬಿದ್ದೇನೆ.

ಬಸ್ಸು ಬಿಟ್ಟರೆ ಹುಲ್ಲು ಹೇಗೆ ಉಳಿಯುತ್ತದೆ ಅಂದರೆ, ಒಂದು ಬಸ್ಸಿನ ಜನಕ್ಕೆ ಒಬ್ಬರು ಸ್ಥಳೀಯ ಗೈಡ್ ಇರಬಹುದು. ನಮ್ಮ ಹುಡುಗರಿಗೇ ಕೆಲಸ ಸಿಗುತ್ತದೆ. ಎಲ್ಲಿ ಕೂರಬೇಕು, ಎಲ್ಲಿ ಇಳಿಯಬಾರದು, ತುದಿಯ ಗುಡಿಯಲ್ಲಿರುವ ಗದ್ದುಗೆಯ ಹತ್ತಿರ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಹೇಳುವವರು ಒಬ್ಬರು ಜೊತೆಗಿದ್ದರೆ ಜನ ಕೇಳುತ್ತಾರೆ. ನಮ್ಮ ಜನ ಅಷ್ಟೇನೂ ಕೆಟ್ಟವರಲ್ಲ. ಹೇಳುವವರು ಯಾರೂ ಇಲ್ಲದೆ, ಒಬ್ಬರು ಇಳಿದರು ಅಂತ ಇನ್ನೊಬ್ಬರು ಇಳಿಯುತ್ತಾರೆ. 2022ರಲ್ಲಿ ಕುರಿಂಜಿ ಅರಳಿದಾಗ ಇಡೀ ಬೆಟ್ಟ ನೀಲಿಯಾಗಿತ್ತು, ನೋಡಲು ಎರಡು ಕಣ್ಣು ಸಾಲದು. ಆಗ ವರ್ಷಗಟ್ಟಲೆ ಕಾದು ಅರಳಿದ ಹೂವನ್ನು ಕಂತೆ ಕಂತೆ ಕಿತ್ತು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ಇಳಿದವರನ್ನು ನೋಡಿ ನನಗೆ ಅಳು ಬಂದಿತ್ತು. ಕಾರಿನ ಡಿಕ್ಕಿಯಲ್ಲಿ ಬರುವ ಸ್ಪೀಕರ್, ಬಿಯರ್ ಬಾಟಲಿ, ಇವೂ ಬಸ್ಸಿನಲ್ಲಿ ಬರುವುದಿಲ್ಲ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು ಆ ಒಣ ಹುಲ್ಲಿಗೆ.

ಪ್ರಾಣಿಗಳ ವಿಷಯದಲ್ಲಿ ಒಬ್ಬ ಅರಣ್ಯಪ್ರೇಮಿ ಗೆಳೆಯರು ನನ್ನ ಜೊತೆ ವಾದ ಮಾಡಿದರು. ಗೇಟನ್ನು 6ಕ್ಕಿಂತ ಮುಂಚೆ ತೆಗೆಯುವುದೇ ತಪ್ಪು, ಅದು ಕಾಡೆಮ್ಮೆ, ಕಡವೆ ರಸ್ತೆ ದಾಟುವ ಹೊತ್ತು ಅಂದರು. ಅವರ ಮಾತಿನಲ್ಲಿ ಸತ್ಯ ಇದೆ. ಅದಕ್ಕೇ ನಾನು ಹೇಳುವುದು, ಐದಾರು ಬಸ್ಸು ಒಟ್ಟಿಗೆ, ಒಂದರ ಹಿಂದೆ ಒಂದು, ನಿಧಾನವಾಗಿ, ಹಾರನ್ ಇಲ್ಲದೆ ಹೋಗಿಬಿಡಲಿ. ಆಮೇಲೆ ಎರಡು ಗಂಟೆ ರಸ್ತೆ ಖಾಲಿ ಇರಲಿ. 6ರಿಂದ 8ರ ತನಕ ಒಂದೇ ಸಮನೆ ಕಾರು ಹರಿಯುವುದಕ್ಕಿಂತ ಅದು ಪ್ರಾಣಿಗಳಿಗೂ ಒಳ್ಳೆಯದು. ಹಕ್ಕಿಗಳ ಹಾಡು ಕೇಳುವುದಕ್ಕೂ ಅದೇ ಹೊತ್ತು. ತೊರೆ ಇರುವ ಕಡೆ ಒಂದು ಕಪ್ಪು ನೀಲಿ ಹಕ್ಕಿ ಬೆಳಗಿನ ಜಾವ ಸಿಳ್ಳೆ ಹಾಕುತ್ತದೆ, ಮನುಷ್ಯರೇ ಸಿಳ್ಳೆ ಹಾಕಿದರೇನೋ ಅಂತ ತಿರುಗಿ ನೋಡಬೇಕು. ಇಂಜಿನ್ ಸದ್ದಿನಲ್ಲಿ ಅದು ಯಾರಿಗೆ ಕೇಳುತ್ತದೆ?

ಟ್ಯಾಕ್ಸಿ, ಜೀಪಿನವರ ಹೊಟ್ಟೆ ಮೇಲೆ ಹೊಡೆಯುವ ಯೋಚನೆ ನನಗಿಲ್ಲ. ಅವರು ನಮ್ಮ ಊರಿನವರೇ. ಮಿನಿ ಬಸ್ಸಿನ ಜೊತೆ ಅವರ ಜೀಪುಗಳನ್ನೂ ಸರದಿಯ ಮೇಲೆ ಸೇರಿಸಿಕೊಳ್ಳಲಿ, ದರ ಮಾತ್ರ ಒಂದೇ ಇರಲಿ, ಬೋರ್ಡಿನಲ್ಲಿ ಬರೆದಿರಲಿ. ಈಗ ಯಾರೋ ಒಬ್ಬರಿಗೆ ಜಾಸ್ತಿ ಬಾಡಿಗೆ, ಇನ್ನೊಬ್ಬರಿಗೆ ದಿನವಿಡೀ ಗಿರಾಕಿಯೇ ಇಲ್ಲ. ಹೋಂಸ್ಟೇ ನಡೆಸುವವರಿಗೂ ಇದರಿಂದ ನಷ್ಟ ಇಲ್ಲ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಬಸ್ಸು ಹಿಡಿಯಬೇಕು ಅಂದರೆ ಜನ ರಾತ್ರಿ ಇಲ್ಲೇ ಉಳಿಯಬೇಕು ಅಲ್ವಾ? ನಡೆಯಲು ಕಷ್ಟ ಇರುವವರ ಗಾಡಿಗೆ, ಪೂಜೆಗೆ ಹೋಗುವ ಅರ್ಚಕರಿಗೆ, ಅಲ್ಲಿನ ತೋಟದವರಿಗೆ ಮೊದಲಿನಿಂದಲೂ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ.

ನಡೆದೇ ಹತ್ತುವವರನ್ನೂ ಮರೆಯಬಾರದು. ಸರ್ಪದಾರಿಯಲ್ಲಿ ನಡೆದು ಹೋಗುವವರು ಈಗಲೂ ಇದ್ದಾರೆ. ನಮ್ಮ ದೇವೀರಮ್ಮನ ಬೆಟ್ಟ ನೋಡಿ. ದೀಪಾವಳಿಯ ಹೊತ್ತಿಗೆ, ನರಕ ಚತುರ್ದಶಿಗೆ ಎಷ್ಟು ಸಾವಿರ ಜನ ಬರಿಗಾಲಲ್ಲಿ ಆ ಕಡಿದಾದ ಬೆಟ್ಟ ಹತ್ತುತ್ತಾರೆ. ತಲೆತಲಾಂತರದಿಂದ ಕತ್ತಲಲ್ಲೇ ಹತ್ತಲು ಶುರು ಮಾಡಿ ಬೆಳಗಾಗುವ ಹೊತ್ತಿಗೆ ತುದಿ ಮುಟ್ಟುತ್ತಿದ್ದವರು ಅವರು. ನನ್ನ ಅತ್ತೆ ಮೊಣಕಾಲು ನೋವು ಬರುವ ತನಕ ಪ್ರತಿ ವರ್ಷ ಹೋಗುತ್ತಿದ್ದರು. ದರ್ಶನ ಆದ ಮೇಲೆ ಅಲ್ಲೇ ಕೂತು ಬುತ್ತಿ ಬಿಚ್ಚಿ, ಬಿಸಿಲು ಕಣಿವೆಗೆ ಇಳಿಯುವುದನ್ನು ನೋಡಿ ಇಳಿಯುತ್ತಿದ್ದೆವು ಅಂತ ಹೇಳುತ್ತಾರೆ. ಬೆಟ್ಟದ ತುದಿಯಲ್ಲಿ ಬೆಳಗು ಮಾಡುವುದು ನಮ್ಮ ಕಡೆಯವರಿಗೆ ಹೊಸ ಫ್ಯಾಷನ್ ಅಲ್ಲ. ಕಾರಿನಲ್ಲೇ ತುದಿಯ ತನಕ ಹೋಗಬೇಕು ಅನ್ನುವುದು ಮಾತ್ರ ಹೊಸದು.

ಬಸ್ಸು ಬಿಡುವಾಗ ಜೊತೆಗೆ ಎರಡು ಮೂರು ಕೆಲಸ ಆಗಬೇಕು. ಮೆಟ್ಟಿಲಿಗೆ ಕತ್ತಲಲ್ಲಿ ಹಿಡಿದುಕೊಳ್ಳಲು ಗಟ್ಟಿ ಕಂಬಿ ಬೇಕು, ಆದರೆ ದೊಡ್ಡ ದೀಪ ಬೇಡವೇ ಬೇಡ. ದೀಪ ಹಾಕಿದರೆ ನಕ್ಷತ್ರವೂ ಹೋಯಿತು, ಬೆಳಗಿನ ಬಣ್ಣವೂ ಹೋಯಿತು. ಜನ ಟಾರ್ಚ್ ತರಲಿ. ಕೆಳಗೆ ಬಸ್ಸು ಹತ್ತುವ ಜಾಗದಲ್ಲಿ ನೀರಿರುವ ಶೌಚಾಲಯ ಇರಲಿ, ಮುಖ್ಯವಾಗಿ ಹೆಂಗಸರಿಗೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಹೆಣ್ಣುಮಕ್ಕಳು ನಮ್ಮ ಮನೆ ಬಾಗಿಲು ತಟ್ಟಿ ಕೇಳುತ್ತಾರೆ, ಇಲ್ಲ ಅನ್ನಲು ಮನಸ್ಸು ಬರಲ್ಲ, ಆದರೆ ಎಲ್ಲರೂ ಹೀಗೆ ಬಾಗಿಲು ತಟ್ಟಲು ಆಗಲ್ಲವಲ್ಲ. ಸ್ವಸಹಾಯ ಸಂಘದ ಹೆಂಗಸರಿಗೆ ಅಲ್ಲೇ ಬಿಸಿ ಕಾಫಿ, ಕಡುಬು ಮಾರಲು ಜಾಗ ಕೊಡಿ, ಸ್ಟೀಲ್ ಲೋಟದಲ್ಲಿ. ಮೇಲೆ ತಿನ್ನುವ ಪ್ಯಾಕೆಟ್ಟು ಯಾವುದೂ ಹೋಗಬಾರದು, ಬಸ್ಸು ಹತ್ತುವಾಗಲೇ ನೋಡಿ ಇಳಿಸಿಬಿಡಲಿ.

ಎಲ್ಲ ಒಂದೇ ಸಲ ಆಗಲ್ಲ ಅಂತ ನನಗೆ ಗೊತ್ತು. ದೀಪಾವಳಿ ಕಳೆದ ಕೂಡಲೇ ಮಂಜಿನ ಕಾಲ, ಜನವೂ ಜಾಸ್ತಿ. ಜಿಲ್ಲಾಡಳಿತ ಮತ್ತು ಸಾರಿಗೆಯವರು ಸೇರಿ ಮೊದಲು ಶನಿವಾರ, ಭಾನುವಾರ ಮಾತ್ರ ಮಾಡಿ ನೋಡಲಿ. ನವೆಂಬರ್‌ನಿಂದ ಜನವರಿ ತನಕ, ನಾಲ್ಕು ಮಿನಿ ಬಸ್ಸು, ಜೊತೆಗೆ ಸ್ಥಳೀಯ ಜೀಪುಗಳು. ಮೊದಲ ದಿನ ಬಸ್ಸಿನಲ್ಲಿ ಬರಲು ನಾನು, ನನ್ನ ಮಗಳು, ಆ ಪಿಯುಸಿ ಹುಡುಗಿ ಮತ್ತು ಅವಳ ಅಮ್ಮ ತಯಾರಿದ್ದೇವೆ. ಎಷ್ಟು ಹೊತ್ತಿಗೆ, ಎಲ್ಲಿಂದ ಅಂತ ಪೇಪರಿನಲ್ಲಿ ಹಾಕಿಸಿ.

ಇತಿ,
ಕೈಮರದ ಕಡೆಯ ಒಬ್ಬ ಓದುಗಿ,
ಚಿಕ್ಕಮಗಳೂರು ತಾಲ್ಲೂಕು